ಕೆಂಪು ಬಟ್ಟೆ ಇಳಿಯುವವರೆಗೆ

ಮುಷ್ಟಿಯಲ್ಲಿ ಹಿಡಿದ ಹಿಮ ಉಂಡೆಯಾಗಲಿಲ್ಲ. ಸವ್ಸನ್ ಕೈಗವಸು ತೆಗೆದು ಬರಿಗೈಯಲ್ಲಿ ಇನ್ನೊಮ್ಮೆ ಬಿಗಿದು ನೋಡಿದಳು. ಬೆರಳ ಸಂದಿಯಿಂದ ಅದು ಹರಳು ಸಕ್ಕರೆಯ ಹಾಗೆ ಜರ್ರನೆ ಸುರಿದುಹೋಯಿತು.

ಅವಳು ನಿಂತಿದ್ದ ಗುಂಡಿ ಎದೆಮಟ್ಟದ್ದು. ಊರ ಹಿಂದಿನ ಪುಟ್ಟ ದಿಬ್ಬದ ಮಗ್ಗುಲಲ್ಲಿ, ದೊಡ್ಡ ಬೆಟ್ಟ ಮುಖ ಮಾಡಿದ ದಿಕ್ಕಿಗೇ ಮುಖ ಮಾಡಿದ, ಆದರೆ ಜಾರಿ ಬಂದರೂ ಮೊಣಕಾಲಿನ ಮೇಲೆ ಮುಚ್ಚದಂಥ ಜಾಗದಲ್ಲಿ ಅದನ್ನು ತೋಡಿದ್ದಳು. ಗುಂಡಿಯ ಗೋಡೆಯಲ್ಲಿ ಚಳಿಗಾಲವಿಡೀ ಬಿದ್ದದ್ದೆಲ್ಲ ಪದರಪದರವಾಗಿ ಕಾಣುತ್ತಿತ್ತು. ಮೇಲೆ, ಮೊನ್ನೆಯ ಗಾಳಿ ಹೊತ್ತು ತಂದು ಬಡಿದು ಕೂರಿಸಿದ ಗಟ್ಟಿ ಹಲಗೆ. ಅದರ ಕೆಳಗೆ ಹಳೆಯ ಹಿಮ. ಎಲ್ಲಕ್ಕಿಂತ ಕೆಳಗೆ, ನೆಲಕ್ಕೆ ತಾಗಿ, ಈ ಹಾಳು ಸಕ್ಕರೆ. ಗೋಡೆ ಎಷ್ಟು ಗಟ್ಟಿಯಿದ್ದರೇನು, ಕಾಳಿನ ರಾಶಿಯ ಮೇಲೆ ಕಟ್ಟಿದರೆ ನಿಲ್ಲುತ್ತದೆಯೇ?

ಸಲಿಕೆಯಿಂದ ಒಂದು ಕಂಬದಷ್ಟು ಹಿಮವನ್ನು ಸುತ್ತಲೂ ಬಿಡಿಸಿ ನಿಲ್ಲಿಸಿದಳು. ಇದು ನಿಂತರೆ ದೊಡ್ಡ ಬೆಟ್ಟದ ಹಿಮವೂ ನಿಂತೀತು. ಅದರ ನೆತ್ತಿಯ ಮೇಲೆ ಸಲಿಕೆ ಮಲಗಿಸಿ ಮೊದಲು ಮಣಿಕಟ್ಟಿನಿಂದ ಮೆಲ್ಲಗೆ ತಟ್ಟಿದಳು. ಕಂಬ ಅಲುಗಲಿಲ್ಲ. ಅವಳಲ್ಲಿ ಸಣ್ಣದೊಂದು ಆಸೆ ತಲೆಯೆತ್ತಿತು. ಆಮೇಲೆ ಮೊಣಕೈಯಿಂದ ಎತ್ತಿ ತಟ್ಟತೊಡಗಿದಳು. ಒಂದೆರಡು ಏಟು ತಡೆದುಕೊಂಡ ಕಂಬ, ಪೆಟ್ಟಿಗೆಯ ಖಾನೆ ಎಳೆದ ಹಾಗೆ ನುಣ್ಣಗೆ ಬುಡದಿಂದ ಜಾರಿ ಅವಳ ತೊಡೆಗೆ ಬಂದು ಒರಗಿತು.

ಏಟು ಜೋರಾಯಿತೇನೋ ಎಂದುಕೊಂಡಳು. ಇನ್ನೊಂದು ಕಂಬ ಬಿಡಿಸಿ, ಈ ಸಲ ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ ತಟ್ಟಿದಳು. ತಾನು ಮೆಲ್ಲಗೆ ತಟ್ಟುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಅದು ಜಾರಿತು.

ಇಳಿದು ಬರುವಾಗ ಘರಿಬ್‌ಶೋ ಮುದುಕ ತನ್ನ ಮಾಳಿಗೆಯ ಹಿಮ ತಳ್ಳುತ್ತಿದ್ದ. "ಏನಂತಮ್ಮ ನಿನ್ನ ಬೆಟ್ಟ?" ಎಂದು ಮೇಲಿಂದಲೇ ಕೂಗಿದ.

"ಇನ್ನೂ ಸರಿಹೋಗಿಲ್ಲ ತಾತ."

"ಮೂರು ಚಳಿಗಾಲದಿಂದ ಸರಿಹೋಗಿಲ್ಲ. ನೀನು ಒಂದು ಸೀನು ಸೀನಿದ್ರೂ ಕಂಬದ ಮೇಲೆ ಕೆಂಪು ಬಟ್ಟೆ! ನನ್ನ ಹೆಂಡ್ತಿ ಕೆಂಪು ಪಾಯಜಾಮ ಒಣಗಿ ಹಾಕಿದ್ಲು, ಮೇಲಿನ ಕೇರಿಯವರು ಅರ್ಧ ಜನ ಹಾಸಿಗೆ ಸುತ್ಕೊಂಡು ಬಂದ್ಬಿಟ್ರು!"

ಸವ್ಸನ್ ನಕ್ಕಳು. ನಗದಿದ್ದರೆ ಅವನು ಇನ್ನೊಂದು ಹೇಳುತ್ತಿದ್ದ.

ಸುಳ್ಳಲ್ಲ ಅವನು ಹೇಳಿದ್ದು. ಹಿಮ ಜಾರುವ ಭಯವಿದೆಯೆಂದು ಸವ್ಸನ್ ಊರ ಕಂಬಕ್ಕೆ ಕೆಂಪು ಬಟ್ಟೆ ಏರಿಸಿದಾಗಲೆಲ್ಲ ಮೇಲಿನ ಕೇರಿಯವರು ಮನೆ ಬಿಟ್ಟು ಕೆಳಗಿನ ಕೇರಿಯಲ್ಲಿ ತಮಗೆ ಗೊತ್ತುಮಾಡಿದ ಮನೆಗಳಿಗೆ ಬರುತ್ತಿದ್ದರು. ಬಟ್ಟೆ ಇಳಿದಾಗ ಹೋಗುತ್ತಿದ್ದರು. ತರ್ಮಾ, ಅಂದರೆ ಬೆಟ್ಟದ ಮೇಲಿನ ಹಿಮವೆಲ್ಲ ಒಮ್ಮೆಲೇ ಜಾರಿ ಬರುವುದು, ಸವ್ಸನ್ ಈ ಕೆಲಸಕ್ಕೆ ಸಲಿಕೆ ಹಿಡಿದ ಮೇಲೆ ಆ ಕೇರಿಗೆ ಒಮ್ಮೆಯೂ ಬಂದಿರಲಿಲ್ಲ. ಅವಳ ಗಂಡ ಹುಟ್ಟುವುದಕ್ಕೆ ಮುಂಚೆ ಬಂದಿತ್ತಂತೆ. ಆ ಕಥೆಯನ್ನು ಹೇಳುವವರೂ ಈಗ ಕಡಿಮೆಯಾಗಿದ್ದರು.

ಅವಳ ಮನೆಗೆ ಬಂದಿದ್ದವರು ನೆಕ್‌ಬಖ್ತ್ ದೊಡ್ಡಮ್ಮ, ಮಗ ಕದಮ್, ಸೊಸೆ ಗುಲಾಂದೋಮ್, ಇನ್ನೂ ಹಲ್ಲು ಬಾರದ ಮೊಮ್ಮಗು. ದೊಡ್ಡಮ್ಮ ಸವ್ಸನ್‌ಳ ಸತ್ತುಹೋದ ಅತ್ತೆಗೆ ಜೀವದ ಗೆಳತಿ. ಅವರು ಬಂದು ಎರಡನೆಯ ವಾರ ನಡೆಯುತ್ತಿತ್ತು.

ಬಾಗಿಲ ಒಳಗೆ ಅವರ ರಬ್ಬರ್ ಜೋಡುಗಳು ಸಾಲಾಗಿದ್ದವು. ಕದಮ್ ನಸುಕಿನಲ್ಲೇ ಮೇಲಿನ ಮನೆಗೆ ಹೋಗಿ ಇಲ್ಲಿ ಜಾಗ ಸಾಲದೆಂದು ಅಲ್ಲೇ ಬಿಟ್ಟಿದ್ದ ಹಸುವಿಗೆ ಮೇವು ಹಾಕಿ ಬಂದಿದ್ದ. ಬಿಸಿಲು ಬೀಳುವ ಮುಂಚೆ, ಒಬ್ಬನೇ, ಓಡುತ್ತ ಹೋಗಿ ಓಡುತ್ತ ಬರಬೇಕೆಂಬ ಕರಾರಿನ ಮೇಲೆ ಸವ್ಸನ್ ಅಷ್ಟಕ್ಕೆ ಒಪ್ಪಿದ್ದಳು. ಅವನ ಜೋಡು ಮೂಗು ಒಳಗೆ ಮಾಡಿ ಬಿದ್ದಿತ್ತು. ಸವ್ಸನ್ ಬಗ್ಗಿ ಎಲ್ಲ ಜೋಡುಗಳನ್ನೂ ಒರೆಸಿ ಮೂಗು ಬಾಗಿಲ ಕಡೆಗೆ ತಿರುಗಿಸಿ ಇಟ್ಟಳು. ಬಂದವರು ಹೊರಡುವಾಗ ಕಾಲು ಹಾಕಿದರೆ ಸಾಕು ಎನ್ನುವ ಹಾಗಿರಬೇಕು. ಯಾವ ಮನೆಯ ಸೊಸೆಯೂ ಹೇಳಿಸಿಕೊಂಡು ಮಾಡುವ ಕೆಲಸವಲ್ಲ ಇದು.

ಒಳಗೆ, ಮಾಳಿಗೆಯ ನಡುವಿನ ಬೆಳಕಿಂಡಿಯ ಕೆಳಗೆ, ಉಪ್ಪು ಬೆಣ್ಣೆ ಹಾಕಿದ ಹಾಲುಚಹಾ ಕುದಿಯುತ್ತಿತ್ತು. ದೊಡ್ಡಮ್ಮ ಕಂಬಕ್ಕೊರಗಿ ಕೂತು ರೊಟ್ಟಿಯನ್ನು ಸಣ್ಣಸಣ್ಣದಾಗಿ ಮುರಿದು ಬಟ್ಟಲಿಗೆ ಹಾಕಿಕೊಳ್ಳುತ್ತಿದ್ದಳು. ರೊಟ್ಟಿ ಕಂದುಬಣ್ಣಕ್ಕೆ ತಿರುಗಿತ್ತು.

ಹಿಟ್ಟು ಮುಗಿಯುತ್ತ ಬಂದಿತ್ತು. ಸವ್ಸನ್‌ಳ ಗಂಡ ಚೋರ್ಷಂಬೆ ಜೀಪಿನಲ್ಲಿ ಎರಡು ಮೂಟೆ ಹಿಟ್ಟು ಹೇರಿಕೊಂಡು ಪೇಟೆಯಿಂದ ಹೊರಟವನು ಕಣಿವೆಯ ಕೆಳಗೆ ರಸ್ತೆ ಮುಚ್ಚಿಹೋಗಿ ಆಚೆ ಕಡೆ ಸಿಕ್ಕಿಕೊಂಡಿದ್ದ. ನೆರೆಮನೆಯಲ್ಲಿ ಕೇಳಬಹುದಿತ್ತು. ಕೇಳಿದರೆ ಸಂಜೆಯೊಳಗೆ ಅದು ದೊಡ್ಡಮ್ಮನ ಕಿವಿಗೆ ಬೀಳುತ್ತಿತ್ತು. ಅದಕ್ಕೆ ಸವ್ಸನ್ ಅತಿಥಿಗಳಿಗೆ ಬೆನ್ನು ಹಾಕಿ ಕೂತು, ಗೋಧಿಗೆ ಬಟಾಣಿ ಹಿಟ್ಟು ಬೆರೆಸಿ ನಾದುತ್ತಿದ್ದಳು. ಮೊದಲ ದಿನ ಹಿಡಿಯಷ್ಟು. ಈಗ ಗೋಧಿಯೇ ಹಿಡಿಯಷ್ಟು.

"ಈ ಸಲದ ಹಿಟ್ಟೇ ಹಿಂಗೆ ದೊಡ್ಡಮ್ಮ. ಅದೇನೋ ಕಜಕ್ ದೇಶದ ಹಿಟ್ಟಂತೆ," ಎಂದಿದ್ದಳು.

"ಹೌದೌದು ಮಗಾ, ಈಗಿನ ಹಿಟ್ಟೆಲ್ಲಾ ಹಂಗೇನೇ," ಎಂದಿದ್ದಳು ದೊಡ್ಡಮ್ಮ. ಆವತ್ತಿನಿಂದ ಎರಡನೆಯ ತುಂಡಿಗೆ ಅವಳ ಕೈ ಹೋಗುತ್ತಿರಲಿಲ್ಲ. ಹೊಟ್ಟೆ ಭಾರ ಎನ್ನುತ್ತಿದ್ದಳು.

ಸವ್ಸನ್ ಗೋಡೆಗೊರಗಿ ಕೂತಳು. ಎರಡು ತೋಳೂ ಬೇರೆ ಯಾರವೋ ಎನ್ನುವಷ್ಟು ಭಾರವಾಗಿದ್ದವು. ಮಲಗಿದರೆ ದೊಡ್ಡಮ್ಮನ ಗೊರಕೆ. ಎದ್ದರೆ ಸಲಿಕೆ. ನಡುವೆ ಆರು ಸಲ ಚಹಾ. ಗುಲಾಂದೋಮ್ ಎಂದಿನಂತೆ ಮಗುವನ್ನು ತಂದು ಅವಳ ಮಡಿಲಿಗೆ ಹಾಕಿ ಪಾತ್ರೆ ತೊಳೆಯಲು ಹೋದಳು. ಮಕ್ಕಳಿಲ್ಲದ ಮನೆ ಅದು. ಮಗು ಅವಳ ಜಡೆ ಹಿಡಿದು ಬಾಯಿಗಿಟ್ಟುಕೊಂಡಿತು.

"ಬಿಸಿಲು ಬಂತಲ್ಲ," ಎಂದಳು ದೊಡ್ಡಮ್ಮ ಬೆಳಕಿಂಡಿಯ ಕಡೆ ನೋಡುತ್ತ. "ಚಹಾ ಕುಡಿದು ಹೊರಡ್ತೀವಿ ಮಗಾ. ಹಸು ಇವತ್ತೋ ನಾಳೆಯೋ ಅನ್ನೋ ಹಂಗಿದೆ. ಕೆಚ್ಚಲು ಇಳ್ದಿದೆಯಂತೆ, ಕದಮ್ ಹೇಳ್ದ."

ಸವ್ಸನ್ ಮಗುವಿನ ಬಾಯಿಂದ ಜಡೆ ಬಿಡಿಸಿಕೊಂಡಳು. "ಇಲ್ಲ ದೊಡ್ಡಮ್ಮ, ಬೇಡ. ಬಿಸಿಲು ಬಿದ್ರೇನೇ ಹಿಮ ಸಡಿಲ ಆಗೋದು. ಇನ್ನೂ ಮೂರ್ನಾಕು ದಿನ ಇರಿ."

"ಇನ್ನೆಷ್ಟು ದಿನ ಇರೋದವ್ವ? ಬಂದು ಬೇರು ಬಿಟ್ಟಂಗಾಯ್ತು."

"ಇದು ನಿಮ್ಮನೆ ಅಲ್ವಾ? ಬೆಟ್ಟ ಸರಿಯಿಲ್ಲ, ನಾನೀಗ ನೋಡ್ಕೊಂಡೇ ಬಂದೆ. ಹೋಗ್ಬೇಡಿ."

ದೊಡ್ಡಮ್ಮನ ಸುಕ್ಕು ಮುಖ ಅರಳಿತು. "ನೋಡಿದ್ಯಾ ಗುಲಾಂದೋಮ್, ಹೆಂಗೆ ತಡೀತಾಳೆ! ಅವಳತ್ತೆಯೂ ಹಿಂಗೇ. ಒಂದ್ಸಲ ಬೇಸಿಗೇಲಿ ನಾನು ಹೊರಟಾಗ, ಕತ್ತೆಗೆ ಕಣ್ಣು ನೋವು, ಇವತ್ತು ಬೇಡ ಅಂದ್ಲು. ಇನ್ನೊಂದಿನ, ಕೆಟ್ಟ ಕನಸು ಬಿತ್ತು ಅಂದ್ಲು. ಅವಳ ಕೈಲಿ ಬಿಡಿಸ್ಕೊಂಡು ಮನೆ ಸೇರೋಕೆ ನಾಕು ದಿನ ಆಯ್ತು."

"ನಾನು ಹಂಗೆ ಹೇಳ್ತಿಲ್ಲ ದೊಡ್ಡಮ್ಮ. ನಿಜವಾಗ್ಲೂ—"

"ನಿಜವಾಗ್ಲೂ ಅಂತ ಅವಳೂ ಅಂತಿದ್ಲು." ದೊಡ್ಡಮ್ಮ ಸವ್ಸನ್‌ಳ ಕೈ ಹಿಡಿದು ಮುತ್ತಿಟ್ಟಳು. "ನಿನ್ನ ಒಳ್ಳೇತನ ನಂಗೆ ಗೊತ್ತು ತಾಯಿ. ಸಾಕು."

ಹೊರಟವರನ್ನು ಈ ಕಣಿವೆಯಲ್ಲಿ ಯಾರೂ ಹಾಗೇ ಕಳಿಸುವುದಿಲ್ಲ. ಹೊಳೆ ತುಂಬಿದೆ ಎನ್ನಬೇಕು, ಮೋಡ ಕವಿದಿದೆ ಎನ್ನಬೇಕು, ಬಾಗಿಲಿಗೆ ಅಡ್ಡ ನಿಲ್ಲಬೇಕು. ಹೋಗುವವರು ನಗುತ್ತ ಬಿಡಿಸಿಕೊಂಡು ಹೋಗಬೇಕು. ಅವಳು ಇನ್ನೆಷ್ಟು ಜೋರಾಗಿ ಬೇಡ ಎಂದರೂ ಅದು ದೊಡ್ಡಮ್ಮನ ಕಿವಿಯಲ್ಲಿ ಅಷ್ಟೂ ಒಳ್ಳೆಯ ಸೊಸೆಯ ಮಾತೇ ಆಗುತ್ತಿತ್ತು. ಕೆಂಪು ಬಟ್ಟೆಯನ್ನೂ ಅವರು ಈಗ ಅವಳ ಉಪಚಾರದ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದರು.

ಮಗುವನ್ನು ಗುಲಾಂದೋಮ್ ತೆಗೆದುಕೊಂಡು ಬೆನ್ನಿಗೆ ಕಟ್ಟಿಕೊಂಡಳು. ಅಂಗಳದಲ್ಲಿ ಕದಮ್ ಕತ್ತೆಯ ಮೇಲೆ ರಜಾಯಿಗಳನ್ನು ಹೇರಿ ಹಗ್ಗ ಬಿಗಿಯುತ್ತಿದ್ದ. "ಅತ್ಗೆ, ನಾವು ಹೋದ್ಮೇಲೆ ಬಟ್ಟೆ ಇಳ್ಸಿ ತಲೆಗೆ ಕಟ್ಕೊಳ್ಳಿ. ನಿಮ್ಗೆ ಕೆಂಪು ಚೆನ್ನಾಗಿ ಒಪ್ಪುತ್ತೆ," ಎಂದು ನಕ್ಕ.

ದೊಡ್ಡಮ್ಮ ಹೊಸಿಲಿಗೆ ಬಂದು, ತಯಾರಾಗಿ ನಿಂತಿದ್ದ ಜೋಡಿನೊಳಗೆ ಕಾಲು ತೂರಿಸಿದಳು. ತಡಕಾಡಬೇಕಾಗಲೇ ಇಲ್ಲ.

ಸವ್ಸನ್ ಅವರ ಹಿಂದೆ ಅಂಗಳಕ್ಕೆ ಬಂದಳು. ಎದುರಿಗೆ ಬೆಟ್ಟದ ನೆತ್ತಿ ಹೊಳೆಯುತ್ತಿತ್ತು. ಬಿಸಿಲು ಅರ್ಧ ಇಳಿಜಾರಿನವರೆಗೆ ಇಳಿದಾಗಿತ್ತು. ಅದರ ಬುಡದಲ್ಲಿ ಮೇಲಿನ ಕೇರಿಯ ಮನೆಗಳು, ಯಾರೋ ಆಡಿ ಬಿಟ್ಟುಹೋದ ಕಲ್ಲುಗಳ ಹಾಗೆ. ಈಗ ಬಾಗಿಲು ಹಾಕಿ ಮಲಗಿಬಿಡಬಹುದು ಎಂದು ಅವಳಿಗೆ ಅನ್ನಿಸಿತು. ತಡೆದೆ, ಕೇಳಲಿಲ್ಲ. ಯಾರೂ ತನ್ನನ್ನು ಒಂದು ಮಾತೂ ಅನ್ನುವ ಹಾಗಿಲ್ಲ. ಆ ಯೋಚನೆ ಎಷ್ಟು ಸಿಹಿಯಾಗಿತ್ತೆಂದರೆ ಅವಳಿಗೆ ಭಯವಾಯಿತು.

ಒಳಗೆ ಓಡಿದಳು. ಹಿಟ್ಟಿನ ಮರದ ಡಬ್ಬ ಎತ್ತಿಕೊಂಡು ಬಂದು ದೊಡ್ಡಮ್ಮನ ಕಾಲ ಬಳಿ ಹಿಮದ ಮೇಲೆ ಬೋರಲು ಹಾಕಿ ತಟ್ಟಿದಳು. ಒಂದು ಹಿಡಿಯಷ್ಟು ಹಳದಿ ಪುಡಿ ಉದುರಿತು.

"ಇಷ್ಟೇ ಇರೋದು. ಗೋಧಿಯೆಲ್ಲ ಯಾವತ್ತೋ ಖಾಲಿ. ಬಟಾಣಿ ತಿನ್ನಿಸ್ತಿದೀನಿ ನಿಮ್ಗೆ. ಕಜಕ್ ಹಿಟ್ಟು ಅಂದಿದ್ದು ಸುಳ್ಳು."

"ಅಯ್ಯೋ, ಇದೇನು ಮಾಡ್ದೆ," ದೊಡ್ಡಮ್ಮ ಸುತ್ತ ನೋಡಿ ದನಿ ತಗ್ಗಿಸಿದಳು. "ನಂಗೆ ಗೊತ್ತಿಲ್ವಾ ಮಗಾ? ಅದಕ್ಕೇ ತಾನೆ ನಾವು—"

"ಇನ್ನೂ ಇದೆ, ಕೇಳಿ. ನಿಮ್ಮ ಗೊರಕೆಗೆ ನಾನು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತೋ. ನಿಮ್ಮಗ ಒಲೆ ಮುಂದೆ ಕಾಲು ಚಾಚಿದ್ರೆ ನಾನು ಮೇಕೆ ಥರ ಹಾರ್ಕೊಂಡು ಓಡಾಡ್ಬೇಕು. ಮಗು ಅಳೋಕೆ ಶುರು ಮಾಡಿದ್ರೆ..." ಅವಳು ಗುಲಾಂದೋಮ್ ಕಡೆ ನೋಡಲಿಲ್ಲ. "ಮಗು ಅಳೋಕೆ ಶುರು ಮಾಡಿದ್ರೆ ನಾನು ಕೊಟ್ಟಿಗೆಗೆ ಹೋಗಿ ಕಿವಿ ಮುಚ್ಕೊಂಡು ನಿಂತ್ಕೋತೀನಿ. ಸಾಕಾಗಿದೆ ನಂಗೆ. ನೀವು ಹೋದ್ರೆ ಈಗ್ಲೇ ಬಾಗ್ಲು ಹಾಕಿ ಮಲಗ್ತೀನಿ. ದಿನಾ ಬೆಳಿಗ್ಗೆ ಆ ಗುಂಡೀಲಿ ನಿಂತು, ದೇವ್ರೇ, ಇವತ್ತಾದ್ರೂ ಹಿಮ ಗಟ್ಟಿಯಾಗಿರ್ಲಿ, ಇವ್ರು ತೊಲಗ್ಲಿ ಅಂತ ಬೇಡ್ಕೋತೀನಿ. ಇವತ್ತೂ ಬೇಡ್ಕೊಂಡೆ. ಬೇಕಂತ್ಲೇ ಮೆಲ್ಲಗೆ ತಟ್ಟಿ ನೋಡ್ದೆ. ನಿಲ್ಲಲಿಲ್ಲ ಅದು. ಈಗ ಹೇಳಿ, ಉಪಚಾರಕ್ಕೆ ಹೋಗ್ಬೇಡಿ ಅಂತಿದೀನಾ ನಾನು?"

ಕದಮ್‌ನ ಕೈ ಹಗ್ಗದ ಮೇಲೆ ನಿಂತಿತು. ಗುಲಾಂದೋಮ್ ಬೆನ್ನಿನ ಮೇಲಿದ್ದ ಮಗುವಿನ ತಲೆಗೆ ಶಾಲು ಎಳೆದಳು, ಅದಕ್ಕೆ ಕೇಳಿಸಬಾರದು ಎನ್ನುವ ಹಾಗೆ.

ದೊಡ್ಡಮ್ಮನ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯ ಮೇಲೆ ಸ್ವಲ್ಪ ಹೊತ್ತು ಉಳಿದು, ಆಮೇಲೆ ಆರಿತು. ಕಾಲ ಬಳಿಯ ಹಳದಿ ಪುಡಿಯನ್ನು ನೋಡಿದಳು. ಕತ್ತೆತ್ತಿ ಬೆಟ್ಟವನ್ನು ನೋಡಿದಳು, ತುಂಬ ಹೊತ್ತು. ಹಾಗೆ ಅವಳು ಬೆಟ್ಟವನ್ನು ನೋಡಿದ್ದನ್ನು ಸವ್ಸನ್ ಎಂದೂ ಕಂಡಿರಲಿಲ್ಲ.

"ಕದಮ್, ಗಂಟು ಬಿಚ್ಚು," ಎಂದಳು.

ಒಳಗೆ ಹೋಗುವಾಗ ಸವ್ಸನ್‌ಳ ಪಕ್ಕದಲ್ಲಿ ಒಂದು ಗಳಿಗೆ ನಿಂತಳು. "ನಿನ್ನತ್ತೆ ಇದ್ದಿದ್ರೆ ನಾಚ್ಕೆಗೆ ಮುಖ ಮುಚ್ಕೋತಿದ್ಲು."

ಆ ದಿನ ಬೆಟ್ಟ ಜಾರಲಿಲ್ಲ. ಮಾರನೆಯ ದಿನವೂ ಜಾರಲಿಲ್ಲ. ಮನೆಯೊಳಗೆ ಮಾತು ನಿಂತುಹೋಯಿತು. ಮಗುವನ್ನು ಗುಲಾಂದೋಮ್ ಬೆನ್ನಿನಿಂದ ಇಳಿಸುತ್ತಲೇ ಇರಲಿಲ್ಲ, ಕಟ್ಟಿಕೊಂಡೇ ಪಾತ್ರೆ ತೊಳೆಯುತ್ತಿದ್ದಳು. ಅದು ಅಳಲು ಬಾಯಿ ತೆರೆದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು. ಹಿಟ್ಟು ಮುಗಿದು ಸವ್ಸನ್ ಬಟಾಣಿ ಕಾಳು ಬೇಯಿಸಿಟ್ಟರೆ, ದೊಡ್ಡಮ್ಮ ಅದನ್ನು ಮುಟ್ಟದೆ ತನ್ನ ಗಂಟಿನಿಂದ ಒಣಗಿದ ಹಿಪ್ಪುನೇರಳೆ ಹಣ್ಣು ತೆಗೆದು ನೆನೆಸಿ ಅಷ್ಟನ್ನೇ ತಿಂದಳು. ರಾತ್ರಿ ಗೊರಕೆ ಕೇಳಿಸಲಿಲ್ಲ. ಗೊರಕೆ ಬಾರದಿರಲೆಂದು ಮುದುಕಿ ಕತ್ತಲಲ್ಲಿ ಕೂತೇ ಇದ್ದಾಳೆ ಎಂದು ತಿಳಿದ ಮೇಲೆ ಸವ್ಸನ್‌ಗೂ ನಿದ್ದೆ ಹತ್ತಲಿಲ್ಲ.

ಅದರ ಮರುದಿನ ನಸುಕಿಗೆ ಹೋದ ಕದಮ್ ತಡವಾಗಿ ಬಂದ. ಅವನ ತೋಳಿನ ಮೇಲೆ ರಕ್ತ ಹೆಪ್ಪುಗಟ್ಟಿ ಬಿರುಸಾಗಿತ್ತು.

"ರಾತ್ರಿ ಈದಿದೆ. ಹೆಣ್ಗರು," ಎಂದ, ಯಾರನ್ನೂ ನೋಡದೆ. "ಪಾಪ, ನೆಕ್ಕಿ ನೆಕ್ಕಿ ಸುಸ್ತಾಗಿದೆ ಹಸು. ನೆಕ್ಕಿದ ತೇವವೇ ಕರುವಿನ ಮೈಮೇಲೆ ಮಂಜುಗಡ್ಡೆ ಆಗಿದೆ. ಒಬ್ರು ಇದ್ದು ಒರೆಸಿ ಬೆಚ್ಚಗೆ ಹೊದಿಸಿದ್ರೆ ಉಳೀತಿತ್ತು."

ದೊಡ್ಡಮ್ಮ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಯಾರೂ ಸವ್ಸನ್‌ಳ ಕಡೆ ನೋಡಲಿಲ್ಲ.

ಅವಳು ಸಲಿಕೆ ತೆಗೆದುಕೊಂಡು ಹೊರಟಳು. ಅವತ್ತು ಕಂಬವನ್ನು ಮೆಲ್ಲಗೆ ತಟ್ಟಲಿಲ್ಲ. ಇನ್ನೂ ಜಾರುತ್ತಿತ್ತು ಅದು.

ಹಗಲು ಕರಗಿ ರಾತ್ರಿ ಬಿಗಿದು, ಹಿಮ ತಾನಾಗಿ ಕುಗ್ಗಿ ಕೂತಿತು. ವಾರದ ಕೊನೆಗೆ ತೋಳು ಬೀಸಿ ಬಡಿದರೂ ಕಂಬ ಒಂದು ಬದಿ ಉದುರಿತೇ ಹೊರತು ಜಾರಲಿಲ್ಲ. ಸವ್ಸನ್ ಕೆಂಪು ಬಟ್ಟೆ ಇಳಿಸಿ ಬಿಳಿಯದನ್ನು ಕಟ್ಟಿದಳು. ದೊಡ್ಡಮ್ಮ ಹೊರಡುವಾಗ ಅವಳು ಒಂದೇ ಒಂದು ಸಲವೂ ತಡೆಯಲಿಲ್ಲ. ಹೇಗೆ ತಡೆಯುವುದು? ದೊಡ್ಡಮ್ಮ ಕೈಗೆ ಮುತ್ತಿಡಲಿಲ್ಲ. ತನ್ನ ಕೈಯನ್ನೂ ಚಾಚಲಿಲ್ಲ. ಕತ್ತೆಯ ಹಿಂದೆ ನಡೆದು ಹೋದವರು ತಿರುವಿನಲ್ಲಿ ಮರೆಯಾಗುವವರೆಗೆ ಸವ್ಸನ್ ಅಂಗಳದಲ್ಲೇ ನಿಂತಿದ್ದಳು. ಬಾಗಿಲು ಹಾಕಿ ಮಲಗಿದಳು. ನಿದ್ದೆ ಬರಲಿಲ್ಲ.

"ಒಂದು ಕರು ತಿಂದ್ಮೇಲೆ ನಿನ್ನ ಬೆಟ್ಟಕ್ಕೆ ಹೊಟ್ಟೆ ತುಂಬ್ತು ಅನ್ನು," ಎಂದ ಘರಿಬ್‌ಶೋ ಮುದುಕ ನೀರಿನ ಹಾದಿಯಲ್ಲಿ. ಅವಳು ಈ ಸಲ ನಗಲಿಲ್ಲ. ಮುದುಕನೂ ಇನ್ನೊಂದು ಹೇಳಲಿಲ್ಲ, ಅವಳ ಕೈಯಿಂದ ಒಂದು ಕೊಡ ಇಸಿದುಕೊಂಡು ತಿರುವಿನವರೆಗೆ ಹೊತ್ತುಕೊಟ್ಟ.

ರಸ್ತೆ ತೆರೆದು ಚೋರ್ಷಂಬೆ ಬಂದ. ಬಿಳಿ ಹಿಟ್ಟಿನ ರೊಟ್ಟಿ ಸುಟ್ಟು ಅವನ ಮುಂದಿಟ್ಟು ನಡೆದದ್ದನ್ನು ಹೇಳಿದಳು. ಅವನು ತುತ್ತು ಕೈಯಲ್ಲೇ ಹಿಡಿದು ಕೂತ.

"ನೆಕ್‌ಬಖ್ತ್ ದೊಡ್ಡಮ್ಮನಿಗಾ? ತೊಲಗ್ಲಿ ಅಂದ್ಯಾ?"

"ಅಂದೆ."

"ಬೇರೆ ಏನಾದ್ರೂ ಅನ್ಬಾರ್ದಿತ್ತಾ?"

"ಬೇರೆಯೆಲ್ಲ ಅಂದಾಗಿತ್ತು."

ಅವನು ರೊಟ್ಟಿ ಅಗಿದ. "ಇನ್ನು ನಮ್ಮನೆಗೆ ಅವ್ರು ಬರಲ್ಲ."

"ಬೇರೆ ಯಾರ ಮನೆಗಾದ್ರೂ ಹೋದ್ರೆ ಸರಿ," ಎಂದಳು ಸವ್ಸನ್. "ಈ ಅವಮಾನಕ್ಕೆ ಎಲ್ಲಿಗೂ ಹೋಗ್ದೆ ಅಲ್ಲೇ ಕೂತ್ರೆ?"

ಅದೊಂದು ಅವಳನ್ನು ಬಿಡಲಿಲ್ಲ. ಹಸು ಕರೆಯುವಾಗ, ನೀರು ತರುವಾಗ, ಕಣ್ಣು ತಾನಾಗಿ ಮೇಲಿನ ಕೇರಿಯ ಹೊಗೆಯ ಕಡೆ ಹೋಗುತ್ತಿತ್ತು. ವಸಂತದ ಹಬ್ಬ ಹತ್ತಿರ ಬಂದು ಹೆಂಗಸರು ಗೋಡೆಗಳಿಗೆ ಹಿಟ್ಟಿನ ಬೊಟ್ಟಿಟ್ಟು ಚಿತ್ರ ಬಿಡಿಸುವ ಯೋಚನೆಯಲ್ಲಿದ್ದಾಗ ಮತ್ತೆ ಮೋಡ ಇಳಿಯಿತು. ಹಗಲೂ ರಾತ್ರಿಯೂ ಸುರಿಯಿತು. ಜೊತೆಗೆ ಗಾಳಿ. ಮೋಡ ಒಡೆದ ಬೆಳಿಗ್ಗೆ ಅವಳು ಗುಂಡಿ ತೋಡಿದಳು, ಕಂಬ ಬಿಡಿಸಿದಳು. ಮಣಿಕಟ್ಟಿನ ಏಟಿಗೇ ಅದು ಜಾರಿತು. ಸಲಿಕೆಗೊರಗಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಇಳಿದು ಬಂದು ಪಾಪ್ಲರ್ ಮರದ ಕಂಬಕ್ಕೆ ಕೆಂಪು ಬಟ್ಟೆ ಏರಿಸಿದಳು.

ಹಗ್ಗದ ತುದಿ ಹಿಡಿದೇ ಅಲ್ಲಿ ನಿಂತಳು. ಬೆರಳು ಮರಗಟ್ಟುತ್ತಿದ್ದವು. ಮೇಲಿನ ಕೇರಿಯಲ್ಲಿ ಮೊದಲು ಯಾರೂ ಅಲುಗಾಡಲಿಲ್ಲ. ಆಮೇಲೆ ಒಂದು ಮನೆಯಿಂದ ಏನೋ ಕಪ್ಪಗೆ ಹೊರಬಂತು. ಯಾವ ಮನೆಯೆಂದು ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಕತ್ತೆ. ಕತ್ತೆಯ ಹಿಂದೆ ಬೆನ್ನಿಗೆ ಮಗು ಕಟ್ಟಿದ ಹೆಂಗಸು. ಅವರ ಹಿಂದೆ ಹಸುವಿನ ಹಗ್ಗ ಹಿಡಿದ ಗಂಡಸು. ಎಲ್ಲರಿಗಿಂತ ಮುಂದೆ ಕೋಲೂರಿಕೊಂಡು ಒಂದು ಗಿಡ್ಡ ಆಕೃತಿ.

ಅವರು ಬೇರೆ ಮನೆಗಳ ಬಾಗಿಲನ್ನು ಒಂದೊಂದಾಗಿ ದಾಟಿ ಬಂದರು.

ದೊಡ್ಡಮ್ಮ ಅಂಗಳದೊಳಗೆ ಬಂದವಳು ಕೈ ಹಿಡಿಯಲಿಲ್ಲ, ಮುತ್ತಿಡಲಿಲ್ಲ, ಚೆನ್ನಾಗಿದ್ದೀಯಾ ಎನ್ನಲಿಲ್ಲ. "ಏನ್ ನೋಡ್ತಾ ನಿಂತಿದೀಯಾ? ಹಸು ಕಟ್ಟೋಕೆ ಜಾಗ ಮಾಡು."

ಚೋರ್ಷಂಬೆ ಒಳಗಿನಿಂದ ಓಡಿ ಬಂದು ಹಸುವಿನ ಹಗ್ಗ ಹಿಡಿದ. ಕದಮ್ ಕತ್ತೆಯ ಮೇಲಿನಿಂದ ಒಂದು ಮೂಟೆ ಇಳಿಸಿ ಹೊಸಿಲ ಬಳಿ ಧೊಪ್ಪನೆ ಹಾಕಿದ.

"ಗೋಧಿ," ಎಂದಳು ದೊಡ್ಡಮ್ಮ. "ನಿನ್ನ ಬಟಾಣಿ ರೊಟ್ಟಿ ತಿಂದು ನಂಗೆ ಹೊಟ್ಟೆ ಉಬ್ಬರಿಸಿ ಪ್ರಾಣ ಹೋಗ್ತಿತ್ತು. ರುಚಿಯೂ ಇರ್ಲಿಲ್ಲ. ನಿನ್ನತ್ತೆ ಸತ್ಮೇಲೆ ಈ ಮನೇಲಿ ಒಂದಿನವೂ ಒಳ್ಳೆ ರೊಟ್ಟಿ ತಿಂದಿಲ್ಲ ನಾನು."

"ಹೌದಾ," ಎಂದಳು ಸವ್ಸನ್.

"ಹೌದು. ನಾನು ಗೊರಕೆ ಹೊಡೀತೀನಿ. ಎಲ್ಲಿ ಮಲಗ್ಲಿ? ಒಲೆ ಕಡೆನಾ, ಗೋಡೆ ಕಡೆನಾ?"

ಚೋರ್ಷಂಬೆ ಗಾಬರಿಯಿಂದ ಹೆಂಡತಿಯ ಮುಖ ನೋಡಿದ.

"ಗೋಡೆ ಕಡೆ," ಎಂದಳು ಸವ್ಸನ್.

ದೊಡ್ಡಮ್ಮ ತಲೆಯಾಡಿಸಿ ಒಳಗೆ ಹೋದಳು. ಗುಲಾಂದೋಮ್ ಬೆನ್ನಿನ ಗಂಟು ಬಿಚ್ಚಿ, ರಜಾಯಿ ಇಳಿಸಲು ಕೈ ಬೇಕಾಗಿದ್ದರಿಂದ, ಮಗುವನ್ನು ಸವ್ಸನ್‌ಳ ತೋಳಿಗೆ ತುರುಕಿದಳು. "ಹಿಡ್ಕೋ ಅಕ್ಕ. ಹಲ್ಲು ಬರ್ತಿದೆ. ಇವತ್ತು ರಾತ್ರಿಯಿಡೀ ಅಳುತ್ತೆ, ಈಗ್ಲೇ ಹೇಳಿದೀನಿ."

ಎಲ್ಲರೂ ಒಳಗೆ ಹೋದ ಮೇಲೆ ಸವ್ಸನ್ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲು ಎಳೆದುಕೊಂಡಳು. ಹೊಸಿಲ ಒಳಗೆ ಜೋಡುಗಳು ಬಂದ ಹಾಗೆಯೇ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ರೂಢಿಯಂತೆ ಅರ್ಧ ಬಗ್ಗಿ ದೊಡ್ಡಮ್ಮನ ಜೋಡಿಗೆ ಕೈ ಚಾಚಿದಳು. ಒಂದು ಗಳಿಗೆ ಹಾಗೇ ಇದ್ದು, ಕೈ ಹಿಂದೆಗೆದುಕೊಂಡು ಎದ್ದಳು.

ಜೋಡುಗಳ ಮೂಗು ಒಲೆಯ ಕಡೆಗಿತ್ತು. ಅವುಗಳಿಗೆ ಅಂಟಿದ್ದ ಹಿಮ ನಿಧಾನವಾಗಿ ಕರಗಿ, ಮಣ್ಣಿನ ನೆಲದ ಮೇಲೆ ಒಳಮುಖವಾಗಿ ಹರಿಯತೊಡಗಿತ್ತು.